ಇರುವ ಫ್ಲ್ಯಾಟ್ ಮಾರಿ ಇನ್ನೊಂದನ್ನು ಕೊಳ್ಳುವಾಗ ಮೊದಲ ಹೆಜ್ಜೆ ಯಾವುದು?

ಮೂರನೇ ಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಹಾಲಕ್ಷ್ಮಿ ಬಡಾವಣೆಯ ಒಂದು ಸಣ್ಣ ಕಟ್ಟಡದ ಮೂರನೆಯ ಮಹಡಿಯಲ್ಲಿ ನಮ್ಮದೊಂದು ಫ್ಲ್ಯಾಟ್ ಇದೆ. 2012ರಲ್ಲಿ ಕೊಂಡದ್ದು, ನೋಂದಣಿಯೂ ಸೇರಿ 42 ಲಕ್ಷ ರೂಪಾಯಿ ತಗುಲಿತ್ತು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಆಗ ಅದೊಂದು ಕೊರತೆ ಎನ್ನಿಸಿರಲಿಲ್ಲ. ಈಗ ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ, ಎರಡೂ ಮಂಡಿಗಳು ಸವೆದಿವೆ. ಅವರು ಇಳಿಯುವಾಗ ಕೂತು ಸುಧಾರಿಸಿಕೊಳ್ಳಲೆಂದು ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ಒಂದೊಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದೇವೆ. ಯುಗಾದಿಯಿಂದ ಈಚೆಗೆ ಅವರು ಕೆಳಗೆ ಇಳಿದದ್ದು ನಾಲ್ಕೇ ಸಲ, ನಾಲ್ಕೂ ಸಲ ಆಸ್ಪತ್ರೆಗೆ.

ಕೆಂಗೇರಿ ಉಪನಗರದಲ್ಲಿ ಲಿಫ್ಟ್ ಇರುವ, ಮೆಟ್ರೊ ನಿಲ್ದಾಣಕ್ಕೆ ಹತ್ತಿರದ ಒಂದು ಫ್ಲ್ಯಾಟ್ ಮೆಚ್ಚುಗೆಯಾಗಿದೆ. ಬೆಲೆ 1.25 ಕೋಟಿ. ಅದರ ಮಾಲೀಕರು ನಿವೃತ್ತರು. 2026ರ ಮಾರ್ಚ್ ತಿಂಗಳಿನಲ್ಲಿ ಕೆನಡಾದಲ್ಲಿರುವ ಮಗಳ ಮನೆಗೆ ಹೊರಡುವವರಿದ್ದು, ಈಗಲೇ 10 ಲಕ್ಷ ಮುಂಗಡ ಕೊಟ್ಟು ಫೆಬ್ರವರಿ ಕೊನೆಯೊಳಗೆ ನೋಂದಣಿ ಮುಗಿಸಬೇಕೆಂದು ಕೇಳುತ್ತಿದ್ದಾರೆ. ನಮ್ಮ ಫ್ಲ್ಯಾಟಿಗೆ 90 ಲಕ್ಷ ಬರುತ್ತದೆಂದು ಬ್ರೋಕರ್ ಹೇಳುತ್ತಾರೆ. ಅದರ ಮೇಲೆ ಇನ್ನೂ 14 ಲಕ್ಷ ಸಾಲವಿದೆ. ಕೈಯಲ್ಲಿ 11 ಲಕ್ಷ ಉಳಿತಾಯವಿದೆ. ಹೊಸ ಮನೆಗೆ 50 ಲಕ್ಷದವರೆಗೆ ಸಾಲ ಕೊಡಲು ಬ್ಯಾಂಕ್ ಒಪ್ಪಿದೆ.

ಮೊದಲು ಮಾರಿದರೆ ತಾಯಿಯನ್ನು ಎಲ್ಲಿ ಇರಿಸುವುದೆಂಬ ಚಿಂತೆ. ಮೊದಲು ಕೊಂಡರೆ, ನಮ್ಮದು ಮಾರಾಟವಾಗುವವರೆಗೆ ಹಣವನ್ನು ಎಲ್ಲಿಂದ ತರುವುದೆಂಬ ಚಿಂತೆ. ಇದನ್ನು ಮಾಡಿ ಮುಗಿಸಿದವರು ದಯವಿಟ್ಟು ತಿಳಿಸಿ. ತೆರಿಗೆಯ ವಿಷಯವೂ ನನಗೆ ಸ್ಪಷ್ಟವಿಲ್ಲ.

ತುಂಗಾತೀರ

ಮೊದಲು ಕೊಂಡು ಆಮೇಲೆ ಮಾರಲು ಹೋದವರು ನಾವು. 2019ರಲ್ಲಿ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ.

ನಮ್ಮದು ಎರಡು ಮಹಡಿಯ ಸ್ವಂತ ಮನೆ. ಮಗಳ ಕಾಲೇಜಿಗೆ ಹತ್ತಿರವಾಗುವಂತೆ ಒಂದು ಫ್ಲ್ಯಾಟ್ ನೋಡಿ, ಹಳೆಯ ಮನೆಗೆ ಗಿರಾಕಿಗಳು ಸಾಲುಗಟ್ಟಿದ್ದಾರೆಂಬ ಬ್ರೋಕರ್ ಮಾತನ್ನು ನಂಬಿ, ಫ್ಲ್ಯಾಟಿಗೆ 8 ಲಕ್ಷ ಮುಂಗಡ ಕೊಟ್ಟು ನಾಲ್ಕು ತಿಂಗಳ ಗಡುವಿನ ಕರಾರಿಗೆ ಸಹಿ ಹಾಕಿದೆವು. ಹಳೆಯ ಮನೆಗೆ ಗಿರಾಕಿ ಸಿಕ್ಕಿದ್ದೂ ನಿಜ. ಅವರು 50 ಸಾವಿರ ಟೋಕನ್ ಕೊಟ್ಟು, ಸಾಲಕ್ಕೆ ಅರ್ಜಿ ಹಾಕಿದರು. ಮೂರು ವಾರಗಳ ನಂತರ ಅವರ ಬ್ಯಾಂಕಿನ ಎಂಜಿನಿಯರ್ ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಒಂದೊಂದೇ ಕೋಣೆಯನ್ನು ಟೇಪಿನಲ್ಲಿ ಅಳೆಯುತ್ತಾ ಮೇಲೆ ಹೋದರು. ನನ್ನ ಮಾವನವರು ಇಪ್ಪತ್ತು ವರ್ಷಗಳ ಹಿಂದೆ ಮೇಲ್ಮಹಡಿಯಲ್ಲಿ ಸೇರಿಸಿದ್ದ ಕೋಣೆ ನಕ್ಷೆಯಲ್ಲಿ ಇರಲಿಲ್ಲ. ಎಂಜಿನಿಯರ್ ಏನನ್ನೂ ಹೇಳದೆ ಆ ಕೋಣೆಯ ಬಾಗಿಲಲ್ಲಿ ನಿಂತು ಫೋಟೊ ತೆಗೆದುಕೊಂಡು ಹೋದರು. ವಾರದೊಳಗೆ ಸಾಲ ನಿರಾಕರಣೆಯಾಗಿ ಗಿರಾಕಿ ಹಿಂದೆ ಸರಿದರು.

ಅಷ್ಟು ಹೊತ್ತಿಗೆ ಆಷಾಢ ಬಂತು. ಆಷಾಢವನ್ನು ನಾವು ನಂಬುತ್ತೇವೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಕೊಳ್ಳುವವರ ಮನೆಯಲ್ಲಿ ಒಬ್ಬರು ಹಿರಿಯರು ನಂಬಿದರೂ ಸಾಕು, ಒಂದು ತಿಂಗಳು ಯಾರೂ ಮನೆ ನೋಡಲು ಬರುವುದಿಲ್ಲ. ಮುಂಗಡ ಕಳೆದುಕೊಳ್ಳಬಾರದೆಂದು ದುಬಾರಿ ಬಡ್ಡಿಯ ವೈಯಕ್ತಿಕ ಸಾಲ ಮಾಡಿ ಫ್ಲ್ಯಾಟನ್ನು ನೋಂದಾಯಿಸಿಕೊಂಡೆವು. ಏಳು ತಿಂಗಳು ಎರಡು ಕಂತುಗಳನ್ನು ಕಟ್ಟಿದೆವು. ಕೊನೆಗೆ ಸಾಲದ ಅಗತ್ಯವಿಲ್ಲದ ಒಬ್ಬರು, ನಮ್ಮ ಅವಸರವನ್ನು ಅರಿತುಕೊಂಡೇ, ಮೊದಲು ಮಾತಾಗಿದ್ದ ಬೆಲೆಗಿಂತ 6 ಲಕ್ಷ ಕಡಿಮೆಗೆ ಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವಸರದಲ್ಲಿರುವವರ ಮನೆಯನ್ನು ಯಾರೂ ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದಿಲ್ಲ.

ಆದ್ದರಿಂದ, ಮಾರುವುದು ಮೊದಲೋ ಕೊಳ್ಳುವುದು ಮೊದಲೋ ಎಂಬುದಕ್ಕೂ ಮುಂಚಿನ ಕೆಲಸವೊಂದಿದೆ: ನಿಮ್ಮ ಫ್ಲ್ಯಾಟಿನ ಕಾಗದಪತ್ರಗಳನ್ನು ನೀವೇ ಒಬ್ಬ ವಕೀಲರಿಗೆ ಕೊಟ್ಟು, ಇದನ್ನು ಕೊಳ್ಳುವವರ ಬ್ಯಾಂಕ್ ನೋಡುವ ಹಾಗೆ ನೋಡಿ ಎಂದು ಕೇಳಿ. ತಾಯಿಪತ್ರ (ಆಸ್ತಿಯ ಹಿಂದಿನ ಒಡೆತನ ತೋರಿಸುವ ಮೂಲಪತ್ರ), ನಿಮ್ಮ ಕ್ರಯಪತ್ರ, ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳ ಪಟ್ಟಿ), ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಕಟ್ಟಡದ ಸಂಘದಿಂದ ಬಾಕಿ ಇಲ್ಲವೆಂಬ ಪತ್ರ, ಇವೆಲ್ಲ ಕೈಯಲ್ಲಿರಲಿ. ಬಾಲ್ಕನಿಗೆ ಗಾಜು ಹಾಕಿ ಕೋಣೆ ಮಾಡಿಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಇ-ಖಾತೆ, ಅಂದರೆ ಆಸ್ತಿಯ ಖಾತೆಯ ಡಿಜಿಟಲ್ ದಾಖಲೆ, ಆಗಿದೆಯೇ? 2024ರ ಕೊನೆಯ ತಿಂಗಳುಗಳಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ನೋಂದಣಿಯೇ ಆಗುತ್ತಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೂ ತಿದ್ದಿಸಲು ವಾರಗಟ್ಟಲೆ ಓಡಾಡಬೇಕಾಗುತ್ತದೆ. ಗಿರಾಕಿ ಬಂದ ಮೇಲೆ ಓಡಾಡುವ ಬದಲು ಈ ವಾರವೇ ಆರಂಭಿಸಿ.

ಲೆಕ್ಕದ ಪುಸ್ತಕ

ಹಣದ ಲೆಕ್ಕವನ್ನು ನಾನು ಹೇಳುತ್ತೇನೆ. ಇದೇ ನನ್ನ ವೃತ್ತಿ.

90 ಲಕ್ಷದಲ್ಲಿ 14 ಲಕ್ಷ ಸಾಲಕ್ಕೆ ಹೋದರೆ ಉಳಿಯುವುದು 76 ಲಕ್ಷ. ಉಳಿತಾಯ ಮತ್ತು ಹೊಸ ಸಾಲ ಸೇರಿದರೆ 137 ಲಕ್ಷ. 125 ಲಕ್ಷದ ಮನೆಗೆ ಇದು ಸಾಕೆಂದು ನೀವು ಭಾವಿಸಿರಬೇಕು. ಆದರೆ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇಕಡಾ 5.6. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇತ್ತು, 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಒಟ್ಟು ಶೇಕಡಾ 7.6, ಅಂದರೆ 1.25 ಕೋಟಿಗೆ 9.5 ಲಕ್ಷ. ಸರ್ಕಾರ ಆ ಪ್ರದೇಶಕ್ಕೆ ನಿಗದಿಪಡಿಸಿದ ಮಾರ್ಗಸೂಚಿ ಬೆಲೆ ನಿಮ್ಮ ಒಪ್ಪಂದದ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವೂ ಅದರ ಮೇಲೆಯೇ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಷ್ಟು ಬೆಲೆಯ ಮನೆಗೆ ಸಾಲದ ಮಿತಿಯನ್ನು ಲೆಕ್ಕಹಾಕುವಾಗ ಈ ಶುಲ್ಕಗಳನ್ನು ಮನೆಯ ಮೌಲ್ಯದಲ್ಲಿ ಸೇರಿಸುವುದಿಲ್ಲ. ಇದು ನಿಮ್ಮ ಕೈಯಿಂದಲೇ ಬರಬೇಕಾದ ಹಣ.

ಅಲ್ಲಿಗೆ 137ರಲ್ಲಿ ಉಳಿಯುವುದು ಎರಡೂವರೆ ಲಕ್ಷ. ಎರಡು ವ್ಯವಹಾರಗಳಿಗೂ ಬ್ರೋಕರಿಗೆ ಶೇಕಡಾ 1ರಂತೆ ಕೊಟ್ಟರೆ 2.15 ಲಕ್ಷ. ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇಕಡಾ 1ರಷ್ಟನ್ನು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಎಂದು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಹಾಗಾಗಿ ನಿಮ್ಮ 90 ಲಕ್ಷದಲ್ಲಿ 90 ಸಾವಿರ ರೂಪಾಯಿ ಕೈಗೆ ಬರುವುದಿಲ್ಲ, ರಿಟರ್ನ್ ಸಲ್ಲಿಸಿದ ಮೇಲಷ್ಟೇ ಮರಳುತ್ತದೆ. ಒಟ್ಟಿನಲ್ಲಿ ಐವತ್ತೈದು ಸಾವಿರ ರೂಪಾಯಿಯ ಕೊರತೆ. ಸಾಗಾಣಿಕೆ, ಬಣ್ಣ, ವಕೀಲರ ಶುಲ್ಕ ಇನ್ನೂ ಸೇರಿಲ್ಲ. ಬ್ಯಾಂಕಿನಲ್ಲಿ 55 ಲಕ್ಷಕ್ಕೆ ಮಂಜೂರಾತಿ ಕೇಳಿ, ಬೇಕಾದಷ್ಟನ್ನೇ ಪಡೆಯಿರಿ. ಎರಡು ಮನೆಗಳ ವ್ಯವಹಾರದಲ್ಲಿ ಜನ ಸೋಲುವುದು ದೊಡ್ಡ ಮೊತ್ತದಲ್ಲಲ್ಲ, ಕೊನೆಯ ಎರಡು ಮೂರು ಲಕ್ಷದಲ್ಲಿ. ಅದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು ತೆರಿಗೆ. 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದ ಮನೆಯಾದ್ದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ ನಿವಾಸಿ ವ್ಯಕ್ತಿಗಳಿಗೆ ಎರಡು ಆಯ್ಕೆಗಳಿವೆ: ಹಣದುಬ್ಬರದ ಹೊಂದಾಣಿಕೆ ಇಲ್ಲದೆ ಶೇಕಡಾ 12.5, ಅಥವಾ ಹೊಂದಾಣಿಕೆಯೊಂದಿಗೆ ಶೇಕಡಾ 20. ಮೊದಲನೆಯದರಲ್ಲಿ 48 ಲಕ್ಷ ಲಾಭಕ್ಕೆ 6 ಲಕ್ಷ ತೆರಿಗೆ. ಎರಡನೆಯದರಲ್ಲಿ, 2012–13ರ ಹಣದುಬ್ಬರ ಸೂಚ್ಯಂಕ 200 ಮತ್ತು 2025–26ರದ್ದು 376 ಆಗಿರುವುದರಿಂದ, ನಿಮ್ಮ 42 ಲಕ್ಷ 78.96 ಲಕ್ಷವಾಗುತ್ತದೆ, ಲಾಭ 11.04 ಲಕ್ಷಕ್ಕೆ ಇಳಿದು ತೆರಿಗೆ ಸುಮಾರು 2.21 ಲಕ್ಷ. ಇದರ ಮೇಲೆ ಸೆಸ್ ಬೇರೆ. ಬ್ರೋಕರಿಗೆ ಕೊಟ್ಟದ್ದನ್ನು ಲಾಭದಿಂದ ಕಳೆಯಬಹುದು. ಸಾಲ ತೀರಿಸಲು ಹೋದ 14 ಲಕ್ಷವನ್ನು ಕಳೆಯುವಂತಿಲ್ಲ. ಹಲವರು ಇಲ್ಲಿಯೇ ತಪ್ಪುತ್ತಾರೆ.

ಆದರೆ ನೀವು ಮನೆ ಮಾರಿ ಮನೆಯನ್ನೇ ಕೊಳ್ಳುತ್ತಿರುವುದರಿಂದ 1961ರ ಆದಾಯ ತೆರಿಗೆ ಕಾಯಿದೆಯ 54ನೆಯ ಸೆಕ್ಷನ್ ಅನ್ವಯಿಸುತ್ತದೆ. ಮಾರುವುದಕ್ಕೆ ಒಂದು ವರ್ಷ ಮೊದಲಿನಿಂದ ಹಿಡಿದು ಮಾರಿದ ಎರಡು ವರ್ಷದೊಳಗೆ ಕೊಂಡರೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಕಟ್ಟಿಸಿದರೆ, ಹೊಸ ಮನೆಗೆ ಹಾಕಿದ ಮೊತ್ತದಷ್ಟು ಲಾಭಕ್ಕೆ ತೆರಿಗೆ ಇಲ್ಲ. ನಿಮ್ಮ ಹೊಸ ಮನೆಯ ಬೆಲೆ ಲಾಭಕ್ಕಿಂತ ಬಹಳ ಹೆಚ್ಚಿರುವುದರಿಂದ ತೆರಿಗೆ ಪೂರ್ತಿ ಉಳಿಯುತ್ತದೆ. ಹಳೆಯ ಮನೆ ಯಾರ ಹೆಸರಿನಲ್ಲಿದೆಯೋ ಹೊಸ ಕ್ರಯಪತ್ರದಲ್ಲಿ ಅವರ ಹೆಸರಿರಲಿ, ಹೊಸ ಮನೆಯನ್ನು ಮೂರು ವರ್ಷ ಮಾರಬೇಡಿ. ಮಾರಿದ ಮೇಲೆ ಕೊಳ್ಳುವುದು ತಡವಾಗಿ 2026ರ ಜುಲೈ 31ರ ರಿಟರ್ನ್ ಗಡುವು ಬಂದುಬಿಟ್ಟರೆ, ಬಳಸದೆ ಉಳಿದ ಲಾಭದ ಹಣವನ್ನು ಅದಕ್ಕೂ ಮೊದಲೇ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇರಿಸಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಇಟ್ಟರೆ ವಿನಾಯಿತಿ ಕೈತಪ್ಪುತ್ತದೆ.

ಹೊಸಕೆರೆ

ತುಂಗಾತೀರ ಅವರ ಅನುಭವವನ್ನು ಗೌರವಿಸಿಯೂ ನಾನು ಬೇರೆ ಮಾತು ಹೇಳಬೇಕಾಗಿದೆ. ಮನೆಯಲ್ಲಿ ನಡೆಯಲಾಗದ ಹಿರಿಯರಿದ್ದಾಗ ಎರಡು ಸಲ ಮನೆ ಬದಲಿಸುವುದು ಸಣ್ಣ ಮಾತಲ್ಲ. ನನ್ನ ತಂದೆಯವರನ್ನು ಮೂರು ತಿಂಗಳ ಮಟ್ಟಿಗೆ ಬಾಡಿಗೆ ಮನೆಯಲ್ಲಿ ಇರಿಸಿದ್ದೆವು. ರಾತ್ರಿ ಎದ್ದು ಬಚ್ಚಲು ಯಾವ ಕಡೆ ಎಂದು ತಿಳಿಯದೆ ಗೋಡೆ ತಡವುತ್ತಾ ನಿಂತಿರುತ್ತಿದ್ದರು. ಆ ಮನೆ ಅಭ್ಯಾಸವಾಗುವಷ್ಟರಲ್ಲಿ ಮತ್ತೆ ಹೊರಡಬೇಕಾಯಿತು.

ಕೆಲವು ಬ್ಯಾಂಕುಗಳು ಹಳೆಯ ಮನೆ ಮಾರಾಟವಾಗುವವರೆಗಿನ ಅಂತರಕ್ಕೆಂದೇ ಅಲ್ಪಾವಧಿಯ ಬ್ರಿಡ್ಜ್ ಸಾಲ ಕೊಡುತ್ತವೆ. ಬಡ್ಡಿ ಸಾಮಾನ್ಯ ಗೃಹಸಾಲಕ್ಕಿಂತ ಹೆಚ್ಚು. ಆದರೂ ಆರು ತಿಂಗಳ ಹೆಚ್ಚುವರಿ ಬಡ್ಡಿಯನ್ನು, ಅವಸರದಲ್ಲಿ ಮಾರಿದರೆ ಆಗುವ ನಷ್ಟದ ಪಕ್ಕದಲ್ಲಿಟ್ಟು ನೋಡಿ. ಖಾಲಿ ಮಾಡಿ ಬಣ್ಣ ಹೊಡೆಸಿದ ಮನೆಗೆ ಬೆಲೆಯೂ ಚೆನ್ನಾಗಿ ಬರುತ್ತದೆ. ಲೆಕ್ಕದ ಪುಸ್ತಕ ಅವರು ಹೇಳಿದ ಒಂದು ವರ್ಷದ ಅವಕಾಶ ಇರುವುದರಿಂದ ತೆರಿಗೆ ವಿನಾಯಿತಿಗೂ ಅಡ್ಡಿಯಿಲ್ಲ. ಆ ಒಂದು ವರ್ಷ ಮೀರದಂತೆ ಮಾತ್ರ ನೋಡಿಕೊಳ್ಳಬೇಕು.

ಲೆಕ್ಕದ ಪುಸ್ತಕ

ಹೊಸಕೆರೆ ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಪ್ರಶ್ನೆ ಕೇಳಿದವರ ಸ್ಥಿತಿಗೆ ಅದು ಹೊಂದುವುದು ಕಷ್ಟ. ಹಳೆಯ ಮನೆ ಮಾರಾಟವಾಗುವವರೆಗೆ ಅವರ ಕೊರತೆ ಸುಮಾರು 75 ಲಕ್ಷದ್ದು. 50 ಲಕ್ಷದ ಹೊಸ ಸಾಲ, 14 ಲಕ್ಷದ ಹಳೆಯ ಸಾಲ, ಅದರ ಮೇಲೆ ಇಷ್ಟು ದೊಡ್ಡ ಬ್ರಿಡ್ಜ್ ಸಾಲ, ಮೂರನ್ನೂ ಒಟ್ಟಿಗೆ ಹೊರುವ ಸಂಬಳವಿದ್ದರೆ ಮಾತ್ರ ಬ್ಯಾಂಕ್ ಒಪ್ಪುತ್ತದೆ. ಹಳೆಯ ಮನೆಯ ಸಾಲ ತೀರಿದ್ದವರಿಗೆ ನಾನೂ ಇದೇ ದಾರಿಯನ್ನು ಹೇಳುತ್ತಿದ್ದೆ.

ಕರಾರುಪತ್ರ

ನಾನು ಆಸ್ತಿ ವ್ಯವಹಾರಗಳ ವಕೀಲ. ಮೊದಲು ಮಾರಿ, ಆದರೆ ಮಾರಿದ ದಿನವೇ ಮನೆ ಬಿಡಬೇಡಿ ಎಂಬುದು ನನ್ನ ಸಲಹೆ. ಇದನ್ನು ಕಾಗದದಲ್ಲಿ ಸರಿಯಾಗಿ ಬರೆದುಕೊಂಡರೆ ತಾಯಿಯವರು ಒಂದೇ ಸಲ ಮನೆ ಬದಲಿಸಿದರೆ ಸಾಕು.

ನಿಮ್ಮ ಫ್ಲ್ಯಾಟಿನ ಕ್ರಯದ ಕರಾರಿನಲ್ಲಿ, ನೋಂದಣಿಯಾದ ದಿನದಿಂದ 45 ದಿನಗಳವರೆಗೆ ನೀವು ಅಲ್ಲಿಯೇ ವಾಸವಿರುತ್ತೀರಿ, ಅದಕ್ಕೆ ಇಂತಿಷ್ಟು ಹಣ ಕೊಡುತ್ತೀರಿ, ಮನೆಯ ಬೆಲೆಯಲ್ಲಿ 2 ಲಕ್ಷವನ್ನು ಕೊಂಡವರು ತಡೆಹಿಡಿದು ಬೀಗದ ಕೈ ಪಡೆದ ದಿನ ಕೊಡುತ್ತಾರೆ ಎಂದು ಬರೆಸಿ. ತಡವಾದರೆ ದಿನಕ್ಕೆ ಎಷ್ಟು ಎಂಬುದೂ ಅದರಲ್ಲಿರಲಿ. ಈ ಷರತ್ತು ನಿಮ್ಮ ವಿರುದ್ಧವೇ ಇದ್ದರೂ ಕೊಳ್ಳುವವರಿಗೆ ಧೈರ್ಯ ಬರುವುದು ಅದರಿಂದಲೇ. ಕ್ರಯಪತ್ರದಲ್ಲಿ ಸಾಮಾನ್ಯವಾಗಿ ‘ಈ ದಿನವೇ ಸ್ವಾಧೀನ ಕೊಟ್ಟಿರುತ್ತೇವೆ’ ಎಂದು ಬರೆಯುವ ರೂಢಿಯಿದೆ. ಆ ಸಾಲು ನಿಮ್ಮ ಏರ್ಪಾಟಿಗೆ ವಿರುದ್ಧವಾಗದಂತೆ ಕರಡನ್ನು ಮೊದಲೇ ಓದಿ, ಕೊಳ್ಳುವವರ ಬ್ಯಾಂಕಿಗೂ ವಿಷಯವನ್ನು ತಿಳಿಸಿಡಿ.

ಕರಾರಿಗೆ ಸಹಿ ಹಾಕಿದ ಮೇಲೆ ಮನಸ್ಸು ಬದಲಿಸಲು ಬಹಳ ಅವಕಾಶವಿಲ್ಲ. ನಿರ್ದಿಷ್ಟ ಪರಿಹಾರ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರ ನಂತರ, ಕೊಳ್ಳುವವರು ತಮ್ಮ ಪಾಲನ್ನು ನೆರವೇರಿಸಲು ಸಿದ್ಧರಿದ್ದರೆ, ಹಣದ ಪರಿಹಾರಕ್ಕೆ ನಿಲ್ಲಿಸದೆ ಕ್ರಯವನ್ನೇ ಮಾಡಿಕೊಡುವಂತೆ ನ್ಯಾಯಾಲಯ ಆದೇಶಿಸುವುದು ಸಾಮಾನ್ಯ ನಿಯಮವಾಗಿದೆ. ಅದೇ ಕಾರಣಕ್ಕೆ, ಹೊಸ ಮನೆಯ ಮಾಲೀಕರು ಕೇಳುವ 10 ಲಕ್ಷವನ್ನು ಒಮ್ಮೆಗೇ ಕೊಡಬೇಡಿ. ಈಗ 2 ಅಥವಾ 3 ಲಕ್ಷ ಕೊಟ್ಟು, ಉಳಿದದ್ದನ್ನು ನಿಮ್ಮ ಫ್ಲ್ಯಾಟಿನ ಕರಾರು ಆಗಿ ಅದರ ಗಿರಾಕಿಯ ಸಾಲ ಮಂಜೂರಾದ ಮೇಲೆ ಕೊಡುವುದಾಗಿ ಕೇಳಿ. ಜನವರಿ ಕೊನೆಯೊಳಗೆ ನಿಮ್ಮದು ಮಾರಾಟಕ್ಕೆ ಒದಗದಿದ್ದರೆ ಮುಂಗಡ ಪೂರ್ತಿ ಹಿಂದಿರುಗಬೇಕೆಂಬ ಷರತ್ತಿಗೂ ಪ್ರಯತ್ನಿಸಿ. ಒಪ್ಪದಿದ್ದರೆ, ಎಷ್ಟು ಕಳೆದುಕೊಳ್ಳಬೇಕಾಗುತ್ತದೆ ಎಂಬುದಕ್ಕೆ ಒಂದು ಮಿತಿಯನ್ನಾದರೂ ಬರೆಸಿ.

ಮುಂಗಡವನ್ನು ಯಾವ ಕಾರಣಕ್ಕೂ ನಗದಿನಲ್ಲಿ ಪಡೆಯಬೇಡಿ. ಸ್ಥಿರಾಸ್ತಿಗೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆದವರಿಗೆ ಅಷ್ಟೇ ಮೊತ್ತದ ದಂಡವಿದೆ.

ನಿಮ್ಮ ಮೂಲ ಪತ್ರಗಳು ಈಗ ಬ್ಯಾಂಕಿನಲ್ಲಿವೆ. ಅಲ್ಲಿಂದ ಸಾಲ ಮುಕ್ತಾಯದ ಮೊತ್ತವನ್ನು ತಿಳಿಸುವ ಪತ್ರ ಮತ್ತು ಅವರ ಬಳಿಯಿರುವ ದಾಖಲೆಗಳ ಪಟ್ಟಿಯನ್ನು ಪಡೆಯಿರಿ. ಕೊಳ್ಳುವವರ ಬ್ಯಾಂಕ್ 14 ಲಕ್ಷದ ಡಿಡಿಯನ್ನು ನೇರವಾಗಿ ನಿಮ್ಮ ಬ್ಯಾಂಕಿನ ಹೆಸರಿಗೆ ಕೊಟ್ಟು ಪತ್ರಗಳನ್ನು ಬಿಡಿಸಿಕೊಳ್ಳುವುದು ವಾಡಿಕೆ. ಬದಲಾಗುವ ಬಡ್ಡಿಯ ಗೃಹಸಾಲವಾದರೆ ಅವಧಿಗೆ ಮುನ್ನ ತೀರಿಸಿದ್ದಕ್ಕೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಪತ್ರಗಳು ಕೈಗೆ ಬಂದರೂ ಕೆಲಸ ಮುಗಿಯುವುದಿಲ್ಲ: ಸಾಲ ಪಡೆಯುವಾಗ ಹಕ್ಕುಪತ್ರಗಳ ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು, ಇಲ್ಲವಾದರೆ ಋಣಭಾರ ಪ್ರಮಾಣಪತ್ರದಲ್ಲಿ ಆ ಸಾಲ ಇನ್ನೂ ಇದ್ದಂತೆಯೇ ಕಾಣುತ್ತದೆ.

ಕೊನೆಯದಾಗಿ, ಹೊಸ ಮನೆಯ ಮಾಲೀಕರು ವಿದೇಶಕ್ಕೆ ಹೊರಡುವವರು. ಅವರು ಈಗ ತೆರಿಗೆಯ ದೃಷ್ಟಿಯಲ್ಲಿ ಭಾರತದ ನಿವಾಸಿಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅನಿವಾಸಿಯಾದರೆ ಶೇಕಡಾ 1ರ ನಿಯಮ ಅನ್ವಯಿಸದೆ, ನೀವು ಬಹಳ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬೇಕಾಗುತ್ತದೆ. ಅವರು ಊರಿನಲ್ಲಿರುವಾಗಲೇ ಖುದ್ದಾಗಿ ಬಂದು ಸಹಿ ಹಾಕಲಿ. ಅಧಿಕಾರಪತ್ರದ ಮೂಲಕ ಆಮೇಲೆ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ.

ಮೂರನೇ ಮಹಡಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನೋಂದಣಿ ಶುಲ್ಕ ಏರಿರುವುದು ನನಗೆ ಗೊತ್ತೇ ಇರಲಿಲ್ಲ. ನನ್ನ ಚೀಟಿಯಲ್ಲಿ ಶೇಕಡಾ 1 ಎಂದೇ ಬರೆದುಕೊಂಡಿದ್ದೆ.

ಹೊಸ ಮನೆಯ ಮಾಲೀಕರ ಜೊತೆ ನಿನ್ನೆ ಮಾತನಾಡಿದೆ. ತಾಯಿಯ ವಿಷಯವನ್ನು ಹೇಳಿದ ಮೇಲೆ ಅವರು 3 ಲಕ್ಷ ಮುಂಗಡಕ್ಕೆ ಒಪ್ಪಿದರು. ನಮ್ಮದು ಮಾರಾಟವಾಗದಿದ್ದರೆ 50 ಸಾವಿರ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರಂತೆ. ನಮ್ಮ ಇ-ಖಾತೆಯ ಕರಡಿನಲ್ಲಿ ನನ್ನ ತಂದೆಯ ಹೆಸರು ತಪ್ಪಾಗಿದೆ. ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ. 45 ದಿನಗಳ ವಾಸಕ್ಕೆ ಗಿರಾಕಿಗಳು ಒಪ್ಪುತ್ತಾರೆಯೇ ಎಂಬ ಅನುಮಾನ ಮಾತ್ರ ಉಳಿದಿದೆ.

ತುಂಗಾತೀರ

ಸ್ವಂತ ವಾಸಕ್ಕೆ ಕೊಳ್ಳುವವರು, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿರುವವರು, ಸಾಮಾನ್ಯವಾಗಿ ಪರೀಕ್ಷೆ ಮುಗಿಯುವ ಮೊದಲು ಮನೆ ಬದಲಿಸುವುದಿಲ್ಲ. ಅಂಥವರಿಗೆ ಫೆಬ್ರವರಿಯ ನೋಂದಣಿ, ಏಪ್ರಿಲ್‌ನಲ್ಲಿ ಬೀಗದ ಕೈ ಎಂಬುದು ಅನುಕೂಲವೇ. ಬ್ರೋಕರಿಗೆ ಇದನ್ನು ಮೊದಲೇ ಹೇಳಿ, ಅಂಥ ಗಿರಾಕಿಗಳನ್ನೇ ಕರೆತರಲು ಕೇಳಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮನೆ ನೋಡಲು ಬರುವವರು ಕಡಿಮೆ, ಆದ್ದರಿಂದ ಈ ನವೆಂಬರ್ ತಿಂಗಳನ್ನು ಬಿಡಬೇಡಿ. 2026ರ ಮೇ 17ರಿಂದ ಅಧಿಕ ಜ್ಯೇಷ್ಠ ಬರುವುದರಿಂದ, ಗೃಹಪ್ರವೇಶ ಮಾಡಬೇಕೆನ್ನುವವರು ಅದಕ್ಕಿಂತ ಮೊದಲೇ ಮುಗಿಸಲು ಬಯಸುತ್ತಾರೆ. ಅದೂ ನಿಮಗೆ ಸಹಾಯಕವೇ.

ಇನ್ನೊಂದು ಮಾತು. 3 ಲಕ್ಷ ಕೊಡುವ ಮೊದಲು ತಾಯಿಯವರನ್ನು ಒಮ್ಮೆ ಆ ಫ್ಲ್ಯಾಟಿಗೆ ಕರೆದುಕೊಂಡು ಹೋಗಿ. ಲಿಫ್ಟಿನ ಬಾಗಿಲು ಎಷ್ಟು ಅಗಲವಿದೆ, ಮುಂದೆ ಗಾಲಿಕುರ್ಚಿ ಬೇಕಾದರೆ ಒಳಗೆ ಹಿಡಿಯುತ್ತದೆಯೇ, ಗೇಟಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲುಗಳಿವೆ, ಕರೆಂಟ್ ಹೋದಾಗ ಲಿಫ್ಟಿಗೆ ಜನರೇಟರ್ ಇದೆಯೇ ಎಂಬುದನ್ನು ನೋಡಿ. ನಾವು ಕೊಂಡ ಕಟ್ಟಡದಲ್ಲಿ ಲಿಫ್ಟ್ ಇತ್ತು, ಆದರೆ ಅದನ್ನು ತಲುಪಲು ಏಳು ಮೆಟ್ಟಿಲು ಹತ್ತಬೇಕಿತ್ತು.

ಮೂರನೇ ಮಹಡಿ

ಗೇಟಿನಿಂದ ಲಿಫ್ಟಿನವರೆಗೆ ಮೆಟ್ಟಿಲುಗಳಿವೆಯೇ ಎಂಬುದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ. ಭಾನುವಾರ ತಾಯಿಯವರನ್ನೂ ಅಳತೆಯ ಟೇಪನ್ನೂ ಕರೆದುಕೊಂಡು ಹೋಗುತ್ತೇವೆ. ಇಳಿಯುವಾಗ ಕೂರಲು ಸ್ಟೂಲುಗಳಿವೆ. ಮೇಲೆ ಹತ್ತುವಾಗ ಪಕ್ಕದ ಮನೆಯ ಹುಡುಗರಿಬ್ಬರು ಕುರ್ಚಿ ಹಿಡಿಯುತ್ತೇವೆಂದು ಹೇಳಿದ್ದಾರೆ.